ಸುಮ್ಮ ಓದಿಕೋತ ಕುಂದರ್ರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ನಾನು ಸಣ್ಣವಳಿದ್ದಾಗಿನಿಂದ ಹೇಳುತ್ತಿದ್ದಳು. ಸುಳ್ಳಲ್ಲ. ಆಡಿದ ಮೇಲೆ ಎಷ್ಟೋ ಮಾತಿಗೆ ನಾಚಿಕೊಂಡಿದ್ದೇನೆ, ಕೆಲವಕ್ಕೆ ತಪ್ಪಾಯಿತು ಎಂದೂ ಹೇಳಿದ್ದೇನೆ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಎದೆಗೆ ತಟ್ಟಿದ್ದು ಒಂದೇ ಒಂದು ಸಲ. ಅದು ಚಿಕ್ಕೋಡಿಯ ಒಂದು ಪ್ರೆಸ್ಸಿನಲ್ಲಿ, ಮೂರು ಕಂಪ್ಯೂಟರುಗಳ ನಡುವೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಬೈಲಹೊಂಗಲದ ಕಡೆಯವರು; ಅಪ್ಪನಿಗೆ ವರ್ಗವಾಗಿ ಚಿಕ್ಕೋಡಿಗೆ ಬಂದಿದ್ದೆವು. ಬಿ.ಎ. ಮುಗಿಸಿ, ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಿ, ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿಸಿಕೊಂಡು ತಿರುಗುತ್ತಿದ್ದ ನನಗೆ ಕೋರ್ಟಿನ ಎದುರಿನ ಓಣಿಯ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು, ವಕೀಲರ ಫಾರಂ, ಉತ್ತರಕ್ರಿಯೆಯ ಕಾರ್ಡು, ಇವೇ ಅಲ್ಲಿನ ಕೆಲಸ. ಆ ಕಡೆ ಎಲ್ಲವೂ ಎರಡು ಭಾಷೆಯಲ್ಲಿ ಆಗಬೇಕು. ಕಾಗವಾಡದಲ್ಲಿ ಹುಟ್ಟಿದ ಹುಡುಗಿಯನ್ನು ಮಿರಜಿಗೆ ಕೊಡುತ್ತಾರೆ, ಅಥಣಿಯ ಹುಡುಗನಿಗೆ ಸಾಂಗಲಿಯಿಂದ ತರುತ್ತಾರೆ. ಹೀಗಾಗಿ ಕಾರ್ಡನ್ನು ಬಿಚ್ಚಿದರೆ ಒಂದು ಬದಿ ಕನ್ನಡ, ಒಂದು ಬದಿ ಮರಾಠಿ. ನನ್ನ ಮರಾಠಿ ಬಸ್ಸಿನಲ್ಲಿ, ಸಂತೆಯಲ್ಲಿ ಕಿವಿಗೆ ಬಿದ್ದಷ್ಟೇ. ಶಾಲೆಯ ಹಿಂದಿಯ ಪುಣ್ಯದಿಂದ ಅಕ್ಷರ ಗೊತ್ತಿತ್ತು, ಕೊಟ್ಟ ಚೀಟಿ ನೋಡಿ ಟೈಪ್ ಮಾಡುತ್ತಿದ್ದೆ.

ಪ್ರೆಸ್ಸಿನಲ್ಲಿ ಮಾಲಕರನ್ನು, ಹಿಂದಿನ ಕೋಣೆಯ ಮೆಷಿನ್‌ನವರನ್ನು ಬಿಟ್ಟರೆ ನಾವು ಮೂವರು. ನಾನು, ನಿಪ್ಪಾಣಿಯಿಂದ ದಿನಾ ಬಸ್ಸಿಗೆ ಬಂದುಹೋಗುತ್ತಿದ್ದ ಇನ್ನೊಬ್ಬಳು ಆಪರೇಟರ್, ಮತ್ತು ಕಾಕಾ. ಕಾಕಾ ಎಂದರೆ ಪ್ರೂಫ್ ನೋಡುವವರು. ವಯಸ್ಸು ಅರವತ್ತರ ಹತ್ತಿರ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಅಂಗಿಯ ಜೇಬಿನಲ್ಲಿ ಒಂದು ಕೆಂಪು ಪೆನ್ನು. ರಾಯಬಾಗದ ಕಡೆ, ಚಿಂಚಲಿಗೆ ಹೋಗುವ ದಾರಿಯ ಒಂದು ಹಳ್ಳಿ ಅವರದು. ಮನೆಯಲ್ಲಿ ಎರಡು ಎಮ್ಮೆ, ಸ್ವಲ್ಪ ಹೊಲ, ಅದನ್ನೆಲ್ಲ ನೋಡಿಕೊಳ್ಳುವ ಹೆಂಡತಿ. ಅವರನ್ನು ನಾವು ನೋಡದೆಯೂ ಕಾಕು ಎನ್ನುತ್ತಿದ್ದೆವು. ಕಾಕಾ ಹದಿನಾರನೇ ವಯಸ್ಸಿಗೆ ನಿಪ್ಪಾಣಿಯ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸಲು ಕಲಿತು, ಅಲ್ಲಿಂದ ನಮ್ಮ ಮಾಲಕರ ತಂದೆಯ ಕಾಲಕ್ಕೆ ಚಿಕ್ಕೋಡಿಗೆ ಬಂದವರು. ಮೊಳೆಗಳ ಕಾಲ ಮುಗಿದಾಗ ಅವನ್ನೆಲ್ಲ ಮೂಟೆ ಕಟ್ಟಿ ಗುಜರಿಗೆ ಹಾಕಿದರು. ಕಾಕಾ ತಮ್ಮ ಸ್ಟಿಕ್ಕೊಂದನ್ನು ಮಾತ್ರ ಉಳಿಸಿಕೊಂಡಿದ್ದರು. ಸ್ಟಿಕ್ಕು ಎಂದರೆ ಗೇಣುದ್ದದ ಲೋಹದ ಸಣ್ಣ ತಟ್ಟೆ. ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೊಂದೇ ಮೊಳೆಯನ್ನು ಅದರಲ್ಲಿ ಸಾಲಾಗಿ ನಿಲ್ಲಿಸುವುದು. ಅದೀಗ ಅವರ ಕಂಪ್ಯೂಟರಿನ ಪಕ್ಕದಲ್ಲಿ ಕೂತಿರುತ್ತಿತ್ತು. ಅದರಲ್ಲಿ ಬೆಂಕಿಪೊಟ್ಟಣ, ಅಡಿಕೆ ಚೂರು, ಬಸ್ಸಿನ ಟಿಕೀಟು.

ಆ ಸ್ಟಿಕ್ಕಿನ ಕಥೆಯನ್ನು ಅವರೇ ಒಂದು ಸಲ ಚಹಾದ ಹೊತ್ತಿಗೆ ಹೇಳಿದ್ದರು. ನಿಪ್ಪಾಣಿಯ ಆ ಹಳೆಯ ಪ್ರೆಸ್ಸಿನ ಮಾಲಕ ಯಾರನ್ನೂ ಬಾಯಿ ಬಿಟ್ಟು ಕೆಲಸದಿಂದ ತೆಗೆಯುತ್ತಿರಲಿಲ್ಲವಂತೆ. ಹೊಟ್ಟೆಯ ಮೇಲೆ ಹೊಡೆಯುವ ಮಾತನ್ನು ನಾಲಿಗೆಯಿಂದ ಆಡಬಾರದು ಎಂಬುದು ಆತನ ನೇಮ. ಮುಂಜಾನೆ ಬಂದಾಗ ನಿನ್ನ ಸ್ಟಿಕ್ಕು ನಿನ್ನ ಜಾಗದಲ್ಲಿ ಇಲ್ಲದೆ ಮಾಲಕನ ಟೇಬಲ್ಲಿನ ಮೇಲೆ ಇದ್ದರೆ ತಿಳಿದುಕೊಳ್ಳಬೇಕು. ಊಟದ ಡಬ್ಬಿ ಎತ್ತಿಕೊಂಡು, ನಮಸ್ಕಾರ ಮಾಡಿ, ಹೊರಟುಬಿಡಬೇಕು. ಮತ್ತೆ ಕರೆಯುವುದಾದರೆ ಯಾರದಾದರೂ ಕೈಯಲ್ಲಿ ಸ್ಟಿಕ್ಕನ್ನು ಮನೆಗೆ ಕಳಿಸುತ್ತಿದ್ದರಂತೆ. ಯಾಕೆ ತೆಗೆದಿರಿ ಎಂದು ಯಾರೂ ಕೇಳುತ್ತಿರಲಿಲ್ಲವೇ ಎಂದೆ. ಕೇಳಿದರೆ ಇಬ್ಬರ ಮರ್ಯಾದೆಯೂ ಹೋಗುತ್ತದೆ ಎಂದರು. ಇದೆಂಥ ಮೂಕರ ಸಂತೆ ಎಂದು ನಾನು ನಕ್ಕಿದ್ದೆ.

ನನ್ನ ಮರಾಠಿಯನ್ನು ಕಾಯುತ್ತಿದ್ದವರು ಕಾಕಾ. ಅದರಲ್ಲೂ ಒಂದು ತಪ್ಪು ನನಗೆ ಅಂಟಿಕೊಂಡು ಬಿಟ್ಟಿತ್ತು. ಕನ್ನಡದಲ್ಲಿ ಲಗ್ನವಾದ ಹೆಂಗಸಿನ ಹೆಸರಿನ ಹಿಂದೆ ಶ್ರೀಮತಿ ಎಂದು ಬರೆಯುವುದು ಗೌರವ. ಮರಾಠಿಯಲ್ಲಿ ಹಾಗಲ್ಲ. ಗಂಡ ಬದುಕಿರುವವಳು ಸೌ., ಅಂದರೆ ಸೌಭಾಗ್ಯವತಿ. ಶ್ರೀಮತಿ ಎಂದು ಬರೆದರೆ ಗಂಡ ತೀರಿಕೊಂಡಿದ್ದಾನೆ ಎಂದು ಅರ್ಥ. ಕನ್ನಡದ ಬದಿ ಟೈಪ್ ಮಾಡಿದ ಕೈ ಅದೇ ಓಟದಲ್ಲಿ ಮರಾಠಿಯ ಬದಿಗೂ ಶ್ರೀಮತಿಯನ್ನೇ ಹಾಕಿಬಿಡುತ್ತಿತ್ತು. ಕಾಕಾ ಪ್ರತಿ ಸಲವೂ ಅದನ್ನು ಸೌ. ಮಾಡಿ, ಕನ್ನಡಕದ ಮೇಲಿಂದ ನನ್ನ ಕಡೆ ನೋಡುತ್ತಿದ್ದರು.

"ಯವ್ವಾ, ವಾರದಾಗ ಎಷ್ಟ ಮಂದಿ ಗಂಡಂದಿರನ್ನ ಕೊಲ್ಲಾಕಿ ನೀ? ನಿನ್ನ ಲಗ್ನಪತ್ರಿಕೆ ನಾನ ಹೊಡೀತೇನು. ಇಲ್ಲಾಂದ್ರ ಆ ಹುಡುಗನ ಗತಿ ಏನು?"

ತಿದ್ದುವ ಗುರುತುಗಳನ್ನೂ ಅವರೇ ಕಲಿಸಿದರು. ತೆಗೆಯುವುದಕ್ಕೆ ಒಂದು ಸುರುಳಿ, ಸೇರಿಸುವುದಕ್ಕೆ ಒಂದು ಕೊಕ್ಕೆ. ನನಗೆ ಹಿಡಿಸಿದ್ದು ಚುಕ್ಕೆಗಳು. ಒಂದು ಶಬ್ದವನ್ನು ಯಾರೂ ಮುಟ್ಟಬಾರದು, ಅದು ತಪ್ಪಿನಂತೆ ಕಂಡರೂ ಸರಿಯೇ ಇದೆ ಎಂದು ಹೇಳಬೇಕಾದರೆ ಅದರ ಕೆಳಗೆ ಸಾಲಾಗಿ ಚುಕ್ಕೆ ಇಡಬೇಕು. ಇದ್ದಂಗ ಇರಲಿ ಎಂದು ಅದರರ್ಥ.

ಮೂರು ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಬೇಕೆಂಬ ಹುಕಿ ಮಾಲಕರಿಗೆ ಬಂದಿದ್ದು ನಾನು ಸೇರಿದ ಮರುವರ್ಷ. ಅಲ್ಲಿಯವರೆಗೆ ಫ್ಲಾಪಿ ಹಿಡಿದುಕೊಂಡು ಈ ಟೇಬಲ್ಲಿನಿಂದ ಆ ಟೇಬಲ್ಲಿಗೆ ಓಡಾಡುತ್ತಿದ್ದೆವು. ಕೊಲ್ಲಾಪುರದಿಂದ ಬಂದ ಒಬ್ಬ, ಟಿವಿಯ ವೈರಿನಂಥ ಕಪ್ಪು ವೈರನ್ನು ಗೋಡೆಗುಂಟ ಎಳೆದು, ಎರಡೂ ತುದಿಗೆ ಒಂದೊಂದು ಸಣ್ಣ ಮುಚ್ಚಳ ಹಾಕಿ, ಈ ಟೋಪಿ ಸಡಿಲಾದರೆ ಎಲ್ಲ ಯಂತ್ರಗಳೂ ಮೂಕವಾಗುತ್ತವೆ ಎಂದು ಹೇಳಿ ಹೋದ. ನನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಮಾಡಿ ಅದಕ್ಕೆ 'ತಿದ್ದು' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟೆ. ನಾನು ಟೈಪ್ ಮಾಡಿದ್ದನ್ನು ಅದರಲ್ಲಿ ಹಾಕಬೇಕು. ಕಾಕಾ ತಮ್ಮ ಯಂತ್ರದಲ್ಲಿ ಕೂತು ಅದನ್ನು ತೆರೆದು, ತಿದ್ದಿ, ಅಲ್ಲೇ ಸೇವ್ ಮಾಡಬೇಕು. ನಿಪ್ಪಾಣಿಯವಳು ಅಲ್ಲಿಂದಲೇ ಪ್ರಿಂಟ್ ತೆಗೆದು ಮೆಷಿನ್‌ನವರಿಗೆ ಕೊಡಬೇಕು. ಕಾಕಾ ತೆರೆದು ಮುಚ್ಚಿದ ಫೈಲೆಂದರೆ ತಿದ್ದಿದ ಫೈಲು ಎಂದೇ ನಮ್ಮ ನಂಬಿಕೆ.

ಇಳಿವಯಸ್ಸಿನಲ್ಲಿ ಕಾಕಾ ಮೌಸ್ ಹಿಡಿಯಲು ಕಲಿತರು. ಕಲಿಸಿದವಳು ನಾನೇ ಆದ್ದರಿಂದ ಅವರ ಪಾಡು ಏನಾಗಿರಬೇಕು ನೀವೇ ಊಹಿಸಿ. ಹೇಳಿದ್ದನ್ನೇ ಹತ್ತು ಸಲ ಕೇಳುತ್ತಿದ್ದರು, ಹತ್ತನೇ ಸಲಕ್ಕೆ ನಾನು ಮುಖ ಸಿಂಡರಿಸುತ್ತಿದ್ದೆ. ಆದರೂ ಎರಡು ತಿಂಗಳಲ್ಲಿ ಕಲಿತರು. ಮೊದಲ ಸಲ ತಾವೇ ಒಂದು ಒತ್ತಕ್ಷರ ಸರಿಪಡಿಸಿ ಸೇವ್ ಮಾಡಿದ ದಿನ ಎಲ್ಲರಿಗೂ ಭಡಂಗ, ಅಂದರೆ ಖಾರದ ಚುರುಮುರಿ, ತರಿಸಿದ್ದರು. ಕೈಗೆ ಮಸಿ ಹತ್ತದೆ ಅಕ್ಷರ ಬದಲಾಗುವುದನ್ನು ನೋಡಲು ಇಷ್ಟು ದಿನ ಬದುಕಿದೆನಲ್ಲ ಎಂದಿದ್ದರು.

ಒಂದು ಸೋಮವಾರ ನನ್ನ ಕಂಪ್ಯೂಟರ್ ಏಳಲೇ ಇಲ್ಲ. ಮಾಲಕರು ಕಾಗದ ತರಲು ಕೊಲ್ಲಾಪುರಕ್ಕೆ ಹೋಗಿದ್ದರು, ಅಲ್ಲೇ ನೆಂಟರ ಮನೆಯಲ್ಲಿ ಮೂರು ದಿನ ಇರುವವರಿದ್ದರು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಲು ಕೂತೆ. ಕಾರ್ಡುಗಳ ಕೆಲಸ ಮುಂದೆ ರಾಶಿ ಬಿದ್ದಿತ್ತು, ಸೆಕೆ ಬೇರೆ. ಕಾಕಾ ಅರ್ಧ ತಾಸಿಗೊಮ್ಮೆ ಎದ್ದು ಬಂದು, ಈಗ ಬರ್ತೈತೇನವಾ, ಈಗ ತಗದ ನೋಡ್ಲಿ ಏನು ಎಂದು ಕೇಳುತ್ತಿದ್ದರು. ಅವರದೇನೂ ತಪ್ಪಿಲ್ಲ. ಶಿರಗುಪ್ಪಿಯ ಹತ್ತಿರದ ಒಬ್ಬ ಕಬ್ಬಿನ ರೈತರ ಮಗಳ ಲಗ್ನಪತ್ರಿಕೆ ಅವಸರದ್ದಿತ್ತು. ಶನಿವಾರವೇ ನಾನು ಟೈಪ್ ಮಾಡಿ ಫ್ಲಾಪಿಯಲ್ಲಿ ಇಟ್ಟದ್ದನ್ನು ಅವರು ತಿದ್ದಬೇಕಿತ್ತು. ನಾಲ್ಕನೇ ಸಲ ಬಂದು, ನನ್ನ ಬೆನ್ನ ಹಿಂದೆ ನಿಂತು, ಯಾವುದೋ ಗುಂಡಿಯತ್ತ ಬೆರಳು ಚಾಚಿ ಇದನ್ನ ಒತ್ತಿದ್ರ ಏನಾಗ್ತೈತಿ ಎಂದರು. ಆಗ ಆ ಮಾತು ಬಂತು.

"ಕಾಕಾ, ನೀವು ಯಂತ್ರಕ್ಕ ಕೈ ಹಚ್ಚಬ್ಯಾಡ್ರಿ. ಸುಮ್ಮ ಓದಿಕೋತ ಕುಂದರ್ರಿ."

ನಿಪ್ಪಾಣಿಯವಳು ತಲೆ ಎತ್ತಿ ನೋಡಿದಳು. ಕಾಕಾ ಹೂಂ ಎಂದು ಹೋಗಿ ತಮ್ಮ ಜಾಗದಲ್ಲಿ ಕೂತರು.

ಮಧ್ಯಾಹ್ನದ ಹೊತ್ತಿಗೆ ಯಂತ್ರ ಎದ್ದಿತು. ಫ್ಲಾಪಿಯಿಂದ ಫೈಲುಗಳನ್ನು ಹಾಕಿ, 'ತಿದ್ದು' ಫೋಲ್ಡರನ್ನು ಮತ್ತೆ ಮಾಡಿ, ಮೂರೂ ಯಂತ್ರಗಳಿಗೆ ಕಾಣುವಂತೆ ಹಂಚಿದೆ. ಹಂಚುವಾಗ ಒಂದು ಸಣ್ಣ ಕಿಟಕಿ ಬರುತ್ತದೆ. ಇದನ್ನು ಬೇರೆಯವರು ಓದಬಹುದೇ ಅಥವಾ ಬದಲಾಯಿಸಲೂಬಹುದೇ ಎಂದು ಅದು ಕೇಳುತ್ತದೆ. ನಾವು ಏನೂ ಹೇಳದಿದ್ದರೆ ಚುಕ್ಕೆ 'ರೀಡ್ ಓನ್ಲಿ' ಎಂಬುದರ ಮುಂದೆ ತಾನೇ ಕೂತಿರುತ್ತದೆ, ಅಂದರೆ ಓದಲಿಕ್ಕೆ ಮಾತ್ರ. ನಾನು ನೋಡಲಿಲ್ಲ. ಓಕೆ ಒತ್ತಿ, ಈಗ ಬಂದೈತ್ರಿ ಕಾಕಾ ಎಂದು ಕೂಗಿ, ಪ್ರಿಂಟರಿನ ಟೋನರ್ ತರಲು ನಿಪ್ಪಾಣಿಯ ಬಸ್ಸು ಹತ್ತಿದೆ. ಅಲ್ಲಿಂದ ನೇರ ಮನೆಗೆ ಹೋದೆ.

ಮರುದಿನ ಕಾಕಾ ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆವು. ನಿಪ್ಪಾಣಿಯವಳು ಲಗ್ನಪತ್ರಿಕೆಯ ಫೈಲು ತೆಗೆದು, ನಿನ್ನೆ ಕಾಕಾ ಇದರ ಮೇಲೆ ಬಹಳ ಹೊತ್ತು ಕೂತಿದ್ದರು, ಆಮೇಲೆ ಹೊರಗೆ ಹೋಗಿ ಬಂದು ಬೇಗನೆ ಮನೆಗೆ ಹೋದರು ಎಂದು ಹೇಳಿ ಪ್ರಿಂಟ್ ಕೊಟ್ಟಳು. ಬುಧವಾರ ಕಾರ್ಡು ಅಚ್ಚಾಗಿ, ರೈತರ ಕಡೆಯವರು ಬಂದು ಕಟ್ಟು ಒಯ್ದರು.

ಅದೇ ಬುಧವಾರ ಅವಳು ಬೇರೊಂದು ಫೈಲಿನಲ್ಲಿ ದಿನಾಂಕ ಬದಲಿಸಲು ಹೋದರೆ ಸೇವ್ ಆಗಲಿಲ್ಲ. ನಾನು ನೆಟ್‌ವರ್ಕ್ ಕೆಟ್ಟಿದೆ ಎಂದು ತೀರ್ಪು ಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಜಾತಿ ನಾನು. ವೈರನ್ನು ಇಲಿ ಕಡಿದಿದೆಯೇ ಎಂದು ಗೋಡೆಗುಂಟ ಮೊಣಕಾಲೂರಿ ಹರಿದಾಡಿದೆ. ತುದಿಯ ಟೋಪಿಗಳನ್ನು ಬಿಚ್ಚಿ ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಮೂರೂ ಯಂತ್ರಗಳನ್ನು ಆರಿಸಿದೆ, ಹೊತ್ತಿಸಿದೆ. ಫೈಲು ತೆರೆಯುತ್ತಿತ್ತು, ಓದಲು ಬರುತ್ತಿತ್ತು, ಬರೆಯಲು ಮಾತ್ರ ಬಿಡುತ್ತಿರಲಿಲ್ಲ. ಕೊನೆಗೆ ಎಸ್‌ಟಿಡಿ ಬೂತಿಗೆ ಹೋಗಿ ಕೊಲ್ಲಾಪುರದವನಿಗೆ ಫೋನ್ ಮಾಡಿದೆ. ಆತ ಎಲ್ಲ ಕೇಳಿಸಿಕೊಂಡು, ವೈರಿನ ತಂಟೆಗೆ ಹೋಗಬೇಡಿ ಅಕ್ಕಾ, ಬಾಗಿಲು ಒಳಗಿನಿಂದ ನೀವೇ ಹಾಕಿಕೊಂಡಿದ್ದೀರೋ ನೋಡಿ ಎಂದು ಮರಾಠಿಯಲ್ಲಿ ಹೇಳಿದ. ಬಂದು ಆ ಸಣ್ಣ ಕಿಟಕಿ ತೆರೆದೆ. ಚುಕ್ಕೆ ಅಲ್ಲಿ ಕೂತಿತ್ತು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಅದನ್ನು ಕೆಳಗಿನ ಸಾಲಿಗೆ ಸರಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ನನಗೆ ನಗು ಬಂತು. ನಿಪ್ಪಾಣಿಯವಳು ಏನಾಗಿತ್ತು ಎಂದು ಕೇಳಿದಾಗ, ಏನೋ ಟೋಪಿ ಸಡಿಲಾಗಿತ್ತು ಎಂದೆ.

ಗುರುವಾರ ಮುಂಜಾನೆ ಮಾಲಕರು ಬಂದು ತಮ್ಮ ಟೇಬಲ್ಲಿನ ಮೇಲಿನ ಕಾಗದಗಳನ್ನು ಸರಿಸಿದರು. ಕೆಳಗೆ ಕಾಕಾನ ಸ್ಟಿಕ್ಕು ಇತ್ತು. ಬೆಂಕಿಪೊಟ್ಟಣವಿಲ್ಲ, ಅಡಿಕೆ ಚೂರಿಲ್ಲ, ಒರೆಸಿ ಇಟ್ಟಿದ್ದರು. ಅದರಡಿ ಒಂದು ಚೀಟಿ, ಮೊಳೆ ಜೋಡಿಸಿದ ಹಾಗೆ ಗುಂಡಗಿನ ಅಕ್ಷರ. ಶಿರಗುಪ್ಪಿ ಕಡೆಯ ಲಗ್ನಪತ್ರಿಕೆಯ ಮರಾಠಿ ಬದಿಯಲ್ಲಿ ಕನ್ಯೆಯ ತಾಯಿಯ ಹೆಸರಿಗೆ ಸೌ. ಆಗಬೇಕು, ತಿದ್ದುವ ಹಕ್ಕು ಈಗ ನನಗಿಲ್ಲ, ದಯಮಾಡಿ ಬೇರೆಯವರಿಂದ ತಿದ್ದಿಸಬೇಕು ಎಂದು ಬರೆದಿತ್ತು. ಮಾಲಕರು ಸ್ಟಿಕ್ಕನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದರು. ಅವರಿಗೆ ಅಕ್ಷರ ಕಲಿಸಿದವರೇ ಕಾಕಾ, ಮೊಳೆಗಳ ಕೇಸಿನ ಮುಂದೆ ಸ್ಟೂಲಿನ ಮೇಲೆ ನಿಲ್ಲಿಸಿ.

"ಯಾರ ತಗದಾರ ಇವರನ್ನ?" ಎಂದರು.

ನಿಪ್ಪಾಣಿಯವಳು ನನ್ನ ಕಡೆ ನೋಡಿದಳು. ನಾನು ನೆಟ್‌ವರ್ಕ್ ಕೆಟ್ಟಿತ್ತು ಎಂದೆ. ಕೆಟ್ಟಿತ್ತು ಎಂದೆನೇ ಹೊರತು ಕೆಡಿಸಿದ್ದೆ ಎನ್ನಲಿಲ್ಲ. ಮಾಲಕರಿಗೆ ಇವತ್ತಿಗೂ ಹೇಳಿಲ್ಲ.

ಶಿರಗುಪ್ಪಿಗೆ ಕೂಡಲೇ ಜನ ಕಳಿಸಿದರು. ಅಷ್ಟೊತ್ತಿಗೆ ಒಂದಿಷ್ಟು ಕಾರ್ಡು ನದಿ ದಾಟಿ ಮರಾಠಿ ಸೀಮೆಗೆ ಹೋಗಿತ್ತು. ಮರುದಿನ ಕನ್ಯೆಯ ತಂದೆ ತಾವೇ ಬಂದರು. ದೊಡ್ಡ ಆಳು, ಕೆಂಪು ರುಮಾಲು. ಕೂಗಾಡುತ್ತಾರೆ ಎಂದು ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅವರು ಕೂಗಲಿಲ್ಲ. ಕಾರ್ಡು ಬಿಚ್ಚಿ ಮರಾಠಿಯ ಬದಿಯ ಮೇಲೆ ಬೆರಳಿಟ್ಟು, "ನಾ ಇನ್ನೂ ಜೀವಂತ ಅದೇನ್ರಿ. ಬೀಗರ ಮನ್ಯಾಗ ಇದನ್ನ ಓದ್ಯಾರ. ಸುದ್ದಿ ಕೇಳಿ ನಮ್ಮಾಕಿ ನಿನ್ನಿಯಿಂದ ಒಂದ ತುತ್ತ ಉಂಡಿಲ್ಲ" ಎಂದರು. ಮಾಲಕರು ಕೈಮುಗಿದರು. ಹೊಸ ಕಾರ್ಡು ಅವತ್ತೇ ಹೊಡೆದುಕೊಟ್ಟೆವು. ಆ ಹೆಣ್ಣುಮಗಳನ್ನು ನಾನು ನೋಡಲೇ ಇಲ್ಲ. ಕುಂಕುಮ ಇಟ್ಟುಕೊಳ್ಳುವಾಗ ಎಷ್ಟು ದಿನ ಅವರಿಗೆ ಆ ಕಾರ್ಡು ನೆನಪಾಯಿತೋ ಎಂದು ಈಗಲೂ ಅನ್ನಿಸುತ್ತದೆ.

ಮಾಲಕರು ರಾಯಬಾಗದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಾಕಾನಿಗೆ ಹೇಳಿಕಳಿಸಿದರು. ಕಣ್ಣು ಮಂಜಾಗಿದೆ, ಈಗ ಆಗುವುದಿಲ್ಲ ಎಂದು ಉತ್ತರ ಬಂತು. ಇನ್ನೊಮ್ಮೆ ಹೇಳಿಕಳಿಸಿದರು, ಅದೇ ಉತ್ತರ. ಕೊನೆಗೆ ಸ್ಟಿಕ್ಕನ್ನು ನನ್ನ ಕೈಗೆ ಕೊಟ್ಟು, ಇದನ್ನು ಒಯ್ದು ಕೊಟ್ಟು ಕರೆದುಕೊಂಡು ಬಾ ಎಂದರು. ನಾಳೆ ಹೋಗುತ್ತೇನೆ ಎಂದೆ. ಆ ನಾಳೆ ಬರಲು ಎರಡು ತಿಂಗಳು ಹಿಡಿಯಿತು. ಹೋದರೆ ಹೇಳಬೇಕಾಗುತ್ತದಲ್ಲ ಎಂಬ ಹೆದರಿಕೆ. ಸ್ಟಿಕ್ಕು ನನ್ನ ಕೀಬೋರ್ಡಿನ ಪಕ್ಕ ಇತ್ತು. ಫ್ಯಾನಿನ ಗಾಳಿಗೆ ಹಾರದಂತೆ ಅದನ್ನೇ ಕಾಗದದ ಮೇಲೆ ಇಡುತ್ತಿದ್ದೆ.

ಹೋದ ದಿನ ಕಾಕಾ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಹಗ್ಗ ಹೊಸೆಯುತ್ತ ಕೂತಿದ್ದರು. ಇಳಿದುಹೋಗಿದ್ದರು. ನನ್ನನ್ನು ಕಂಡ ಕೂಡಲೇ ಒಳಗೆ ಕೂಗಿ, ನಮ್ಮ ಕಂಪ್ಯೂಟರ್ ಬಾಯಾರು ಬಂದಾರ, ಚಾ ಇಡು ಎಂದರು. ಮೌಸ್ ಕಲಿಸಿದಾಗಿನಿಂದ ನಾನು ಅವರಿಗೆ ಬಾಯಾರು, ಅಂದರೆ ಟೀಚರು. ಕಾಕು ಹೊರಗೆ ಬಂದರು. ಹಣೆಯ ತುಂಬ ಕುಂಕುಮ, ಕೈತುಂಬ ಹಸಿರು ಬಳೆ. ಒತ್ತಾಯ ಮಾಡಿ ಅವಲಕ್ಕಿ ತಿನ್ನಿಸಿದರು. ನಾನು ಸ್ಟಿಕ್ಕನ್ನು ಕಾಕಾನ ಮುಂದಿಟ್ಟೆ. ಅವರು ಅದನ್ನು ತೆಗೆದುಕೊಂಡು ಧೋತರದ ಚುಂಗಿನಿಂದ ಒರೆಸಿ, ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಆ ದಿನದ ಕಥೆಯನ್ನು ನಾನು ಕೇಳದೆಯೇ ಹೇಳಿದರು.

ಸೌ. ಎಂದು ತಿದ್ದಿ ಸೇವ್ ಒತ್ತಿದಾಗ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದಿತಂತೆ. ಮೂರು ಸಲ ಒತ್ತಿದರೂ ಅದೇ. ನಿಪ್ಪಾಣಿಯವಳನ್ನು ಕೇಳಲು ನಾಚಿಕೆಯಾಯಿತು, ಮುಂಜಾನೆ ನಾನು ಬೈದದ್ದನ್ನು ಅವಳು ಕೇಳಿದ್ದಳು. ಅಕ್ಷರ ಅಕ್ಷರ ನೋಡಿ ಒಂದು ಚೀಟಿಯಲ್ಲಿ ಬರೆದುಕೊಂಡು, ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಕೂತಿದ್ದ ಪರಿಚಯದ ವಕೀಲರೊಬ್ಬರಿಗೆ ತೋರಿಸಿದರು.

"ಪ್ರವೇಶ ನಿರಾಕರಿಸ್ಯಾರ ಅಂತೈತಿ ಅಂದ್ರು ವಕೀಲ್ರು. ಎಲ್ಲಿಂದ ಬಂತು ಅಂದ್ರು. ನಮ್ಮ ಆಫೀಸಿಂದರಿ ಅಂದೆ. ಹಂಗಾರ ನಿಮ್ಮನ್ನ ತಗದಾರ, ನೋಟೀಸ ಸೈತ ಕೊಟ್ಟಿಲ್ಲ, ಕೇಸ ಹಾಕೂಣೇನು ಅಂದ್ರು. ನಾ ಬ್ಯಾಡ್ರಿ ಅಂದೆ. ಕೇಳಾಕ ಹೋಗಬಾರದು ಅಂತಾದ್ದನ್ನ."

ಹೇಳಿ ನಕ್ಕರು. ನನಗೆ ಅಳು ಬಂತು. ಅದು ಯಂತ್ರದ ಮಾತು ಕಾಕಾ, ಯಂತ್ರಕ್ಕೆ ಏನು ತಿಳಿಯುತ್ತದೆ, ನೆಟ್‌ವರ್ಕ್ ಕೆಟ್ಟಿತ್ತು ಎಂದೆ. ಅಲ್ಲೂ ಅದೇ ಸುಳ್ಳು.

"ಯಂತ್ರಕ್ಕ ಏನೂ ತಿಳ್ಯಾಂಗಿಲ್ಲ, ಖರೆ," ಎಂದರು ಕಾಕಾ. "ಆದ್ರ ಯವ್ವಾ, ಮುಂಜಾನೆ ನೀ ಹೇಳಿದ್ದನ್ನ ಮಧ್ಯಾಹ್ನ ಅದೂ ಹೇಳ್ತು."

ಸ್ಟಿಕ್ಕನ್ನು ಮಗ್ಗುಲಿಗೆ ಇಟ್ಟು ಮತ್ತೆ ಹಗ್ಗ ಕೈಗೆತ್ತಿಕೊಂಡರು. ಆಮೇಲೆ ಆ ಕಾರ್ಡಿನಲ್ಲಿ ಕೊನೆಗೆ ಸೌ. ಆಯಿತೇ ಎಂದು ಕೇಳಿದರು. ಆತ್ರಿ ಕಾಕಾ ಎಂದೆ. ಎರಡನೇ ಸಲ ಹೊಡೆದ ಕಾರ್ಡಿನಲ್ಲಿ ಆಗಿತ್ತಲ್ಲ, ಪೂರ್ತಿ ಸುಳ್ಳೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ನನ್ನ ಮುಖವನ್ನೇ ನೋಡಿ, ಛಲೋ ಆತು ಎಂದರು. ಮಿರಜಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದಮೇಲೆ ಕೆಲಸಕ್ಕೆ ಬರುವುದಾಗಿ ಮಾತು ಕೊಟ್ಟರು. ಬಸ್ ನಿಲ್ದಾಣದವರೆಗೆ ಬಂದು ಹತ್ತಿಸಿ ಹೋದರು.

ಅವರ ಕುರ್ಚಿಯನ್ನು ಯಾರಿಗೂ ಕೊಡಲಿಲ್ಲ. ದಿನಾ ಮುಂಜಾನೆ ಯಂತ್ರ ಹೊತ್ತಿಸಿದ ಕೂಡಲೇ ಆ ಸಣ್ಣ ಕಿಟಕಿ ತೆರೆದು ಚುಕ್ಕೆ ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದು ನನಗೆ ದೇವರಿಗೆ ದೀಪ ಹಚ್ಚುವಷ್ಟೇ ರೂಢಿಯಾಯಿತು. ಮರಾಠಿಯ ಬದಿಯಲ್ಲಿ ಶ್ರೀಮತಿ ಎಂದು ಒಮ್ಮೆಯೂ ಹಾಕಲಿಲ್ಲ. ಕೈ ತಾನಾಗಿಯೇ ಸೌ. ಎಂದು ಒತ್ತುತ್ತಿತ್ತು. ಕಾಕಾ ಬರಲಿಲ್ಲ. ಕಣ್ಣು ತೋರಿಸಲು ಹೋದಾಗ ಎದೆಯದೂ ಏನೋ ಇದೆ ಎಂದರಂತೆ ಎಂದು ಕಂಡಕ್ಟರ್ ಸುದ್ದಿ ತಂದ. ನೋಡಲು ಹೋಗಬೇಕು ಎಂದುಕೊಂಡೆ. ಆ ಸಲವೂ ನಾಳೆ ನಾಳೆ ಎಂದೆ.

ಮುಂದಿನ ಚಳಿಗಾಲದಲ್ಲಿ ಒಬ್ಬಳು ಹೆಣ್ಣುಮಗಳು ಪ್ರೆಸ್ಸಿನ ಬಾಗಿಲಲ್ಲಿ ನಿಂತು, ಕಂಪ್ಯೂಟರ್ ಬಾಯಾರು ಯಾರು ಎಂದು ಕೇಳಿದಳು. ಕಾಕಾನ ಮಗಳು. ಅಪ್ಪ ಹೋಗಿ ನಾಲ್ಕು ದಿನ ಆಯಿತು, ಉತ್ತರಕ್ರಿಯೆಯ ಕಾರ್ಡು ಆಗಬೇಕು ಎಂದಳು. ಕಾಕುವಿನ ತವರು ನದಿಯಾಚೆ, ಹಾಗಾಗಿ ಎರಡೂ ಭಾಷೆಯಲ್ಲಿ ಬೇಕು. ಏನು ಬರೆಯಬೇಕು ಎಂದು ನಾನು ಕೇಳುವ ಮೊದಲೇ ಅವಳೇ ಚೀಲದಿಂದ ಒಂದು ಮಡಿಸಿದ ಕಾರ್ಡು ತೆಗೆದು ಕೊಟ್ಟಳು. ಎಲ್ಲವನ್ನೂ ಅಪ್ಪನೇ ಬರೆದಿಟ್ಟಿದ್ದಾನೆ, ಅಪಶಕುನ ಬೇಡ ಎಂದರೂ ಕೇಳಲಿಲ್ಲ, ಹೇಗೂ ಕೆಟ್ಟ ಕಾರ್ಡು, ಇದಕ್ಕೇ ಆಗಲಿ ಎಂದ, ನಿಮ್ಮ ಕೈಗೇ ಕೊಡಬೇಕು ಎಂದೂ ಹೇಳಿದ್ದಾನೆ ಎಂದಳು.

ಅದು ಶಿರಗುಪ್ಪಿಯ ಲಗ್ನಪತ್ರಿಕೆ. ಮೊದಲು ಹೊಡೆದದ್ದು, ತಪ್ಪಿನದು. ಅಲ್ಲಿಯ ಬಳಗದಲ್ಲಿ ಕಾಕುವಿನ ತವರಿನವರೂ ಇದ್ದರಂತೆ, ಹಾಗೆ ಬಂದಿತ್ತು. ಬಿಚ್ಚಿ ನೋಡಿದೆ. ಮರಾಠಿಯ ಬದಿಯಲ್ಲಿ ನಾನು ಹಾಕಿದ ಶ್ರೀಮತಿಯನ್ನು ಕೆಂಪು ಪೆನ್ನಿನಿಂದ ಹೊಡೆದು, ಅಂಚಿನಲ್ಲಿ ಸೌ. ಎಂದು ಬರೆದಿದ್ದರು. ಮಗಳನ್ನು ಕೇಳಿದೆ, ಈ ಕಾರ್ಡು ಯಾವಾಗ ಬಂದದ್ದು ಎಂದು. ಆ ಲಗ್ನದ ಮುಂಚೆಯೇ ಬಂದಿತ್ತು ಎಂದಳು. ನಾನು ಬೇವಿನ ಗಿಡದ ಕೆಳಗೆ ಕೂತು ಆತ್ರಿ ಕಾಕಾ ಎಂದಾಗ ಅದು ಅವರ ಮನೆಯ ಒಳಗೇ ಇತ್ತು.

ಕಾರ್ಡಿನ ಬೆನ್ನು ಖಾಲಿ ಇದ್ದಲ್ಲಿ ಅವರ ಉತ್ತರಕ್ರಿಯೆಯ ಮಜಕೂರು ಇತ್ತು. ಮೇಲೆ ಕನ್ನಡ, ಕೆಳಗೆ ಮರಾಠಿ, ಅದೇ ಗುಂಡಗಿನ ಅಕ್ಷರ, ದಿನಾಂಕದ ಜಾಗ ಬಿಟ್ಟು. ತಮ್ಮ ಹೆಸರಿನ ಹಿಂದೆ ಕನ್ನಡದಲ್ಲಿ ದಿ. ಎಂದೂ ಮರಾಠಿಯಲ್ಲಿ ಕೈ., ಅಂದರೆ ಕೈಲಾಸವಾಸಿ, ಎಂದೂ ತಾವೇ ಹಾಕಿಕೊಂಡಿದ್ದರು.

ಟೈಪ್ ಮಾಡಲು ಕೂತೆ. ಕನ್ನಡದ ಬದಿ ಮುಗಿಯಿತು. ಮರಾಠಿಯ ಬದಿಯಲ್ಲಿ ಕಾಕುವಿನ ಹೆಸರು ಬಂದಾಗ ಕೈ ರೂಢಿಯಂತೆ ಸೌ. ಎಂದು ಹಾಕಿತು. ಹಸಿರು ಬಳೆಯ ಆ ಕೈ ಕಣ್ಣ ಮುಂದಿತ್ತು. ಆಮೇಲೆ ಕಾರ್ಡನ್ನು ನೋಡಿದೆ. ಅಲ್ಲಿ ಕಾಕಾ ಶ್ರೀಮತಿ ಎಂದು ಬರೆದು, ಅದರ ಕೆಳಗೆ ಕೆಂಪು ಪೆನ್ನಿನಿಂದ ಸಾಲಾಗಿ ಚುಕ್ಕೆಗಳನ್ನು ಇಟ್ಟಿದ್ದರು. ಪಕ್ಕದಲ್ಲಿ ಸಣ್ಣದಾಗಿ ಬರೆದಿತ್ತು: "ಯವ್ವಾ, ಇದನ್ನ ತಿದ್ದಬ್ಯಾಡ. ಈ ಸಲ ನೀ ಕೊಂದಿಲ್ಲ."

ಸೌ. ಅಳಿಸಿ ಶ್ರೀಮತಿ ಎಂದು ಹಾಕಿ ಸೇವ್ ಒತ್ತಿದೆ. ಯಂತ್ರ ಏನೂ ಅನ್ನಲಿಲ್ಲ. ಆಮೇಲೆ ಎದ್ದು ಹೋಗಿ ಕಾಕಾನ ಯಂತ್ರದ ಮುಂದೆ, ಅವರ ಕುರ್ಚಿಯಲ್ಲಿ ಕೂತು 'ತಿದ್ದು' ಫೋಲ್ಡರಿನಿಂದ ಆ ಕಾರ್ಡನ್ನು ತೆರೆದೆ. ಒಂದು ತಪ್ಪೂ ಇರಲಿಲ್ಲ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಸುಮ್ಮನೆ ಓದುತ್ತ ಕುಳಿತೆ.